ಪ್ರೀಮಿಯಂ ಎಕಾನಮಿ ಮತ್ತು ಒಂದು ಮುಯ್ಯಿ

"ಬೇಡ. ಅದು ನಿಮಗೆ ಬೇಕಾಗಿಲ್ಲ."

ಅಭಿಜ್ಞಾಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ಟಿಕೆಟ್ ಮಾರುವುದಕ್ಕೆಂದೇ ಅಂಗಡಿ ತೆರೆದು ಕುಳಿತವನು ದುಬಾರಿ ಟಿಕೆಟ್ ಬೇಡ ಎನ್ನುತ್ತಿದ್ದಾನೆ!

"ನಾನು ಕೇಳಿದ್ದು ಪ್ರೀಮಿಯಂ ಎಕಾನಮಿ," ಎಂದಳು ಬಿಡಿಸಿ ಬಿಡಿಸಿ. "ಬೆಂಗಳೂರಿನಿಂದ ದುಬೈ, ದುಬೈನಿಂದ ಸಾವೊ ಪಾಲೊ. ಬ್ರೆಜಿಲ್."

"ಕೇಳಿಸ್ತು ಮೇಡಂ. ಅದಕ್ಕೇ ಬೇಡ ಅಂದೆ."

ಅವನು ಕಂಪ್ಯೂಟರಿನಿಂದ ತಲೆ ಎತ್ತಿದ. ತೆಳ್ಳನೆ ಮುಖ, ದಪ್ಪ ಕನ್ನಡಕ. ಶಿರಸಿಯ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ ಈ ಕಿಶೋರನ ಟಿಕೆಟ್ ಆಫೀಸು. ಅವಳು ಪಾಠ ಮಾಡುವ ಕಾಲೇಜಿನಲ್ಲಿ ಎಲ್ಲರೂ ಇಲ್ಲಿಗೇ ಹೋಗು ಎಂದಿದ್ದರು. ಯಾಕೆ ಎಂದು ಯಾರೂ ಹೇಳಿರಲಿಲ್ಲ.

'ಉಮ್ಮಚಗಿಯ ಮೇಷ್ಟರ ಮಗಳ ಕೈಲಿ ಎಲ್ಲಿ ಆಗುತ್ತೆ ಅಂದುಕೊಂಡನಾ? ಅಥವಾ ನನ್ನ ಚಪ್ಪಲಿ ನೋಡಿ ಅಳೆದನಾ?'

"ನನ್ನ ಹಣದ ಚಿಂತೆ ನಿಮಗೆ ಬೇಡ," ಎಂದಳು.

"ಚಿಂತೆ ಅಲ್ಲ. ಹೆಚ್ಚೂ ಕಡಿಮೆ ಎರಡು ಪಟ್ಟು ಕೊಟ್ಟು ಜನ ಏನು ಕೊಂಡ್ಕೊಳ್ತಾರೆ ಗೊತ್ತಾ? ಅರ್ಧ ಗೇಣು ಜಾಗ. ಅದು ಮಂಚ ಅಲ್ಲ, ಮಲಗೋಕೆ ಆಗಲ್ಲ. ಸ್ವಲ್ಪ ಅಗಲದ ಕುರ್ಚಿ, ಸ್ವಲ್ಪ ಹೆಚ್ಚು ಹಿಂದಕ್ಕೆ ಬಾಗುತ್ತೆ, ಕಾಲಿಡೋಕೆ ಒಂದು ಹಲಗೆ, ಗಾಜಿನ ಲೋಟದಲ್ಲಿ ಜ್ಯೂಸು. ನಿಮ್ಮಷ್ಟು ಎತ್ತರದವರಿಗೆ ಎಕಾನಮಿ ಸಾಕು." ಗೋಡೆಯ ಕಡೆ ಕೈ ತೋರಿಸಿದ. "ನಂಬಿಕೆ ಇಲ್ಲದಿದ್ರೆ ಕೂತು ನೋಡಿ."

ಅಲ್ಲಿ ಎರಡು ಜೋಡಿ ಕುರ್ಚಿಗಳಿದ್ದವು. ಬಸ್ಸಿನ ಸೀಟಿನ ಹಾಗೆ ಒಂದರ ಹಿಂದೆ ಒಂದು, ಕಾಲುಗಳನ್ನು ನೆಲಕ್ಕೆ ಬಿಗಿದು ಕೂರಿಸಿದ್ದ. ಒಂದು ಜೋಡಿಯ ನಡುವೆ ಎಕಾನಮಿಯ ಅಂತರ, ಇನ್ನೊಂದರ ನಡುವೆ ಪ್ರೀಮಿಯಂ ಎಕಾನಮಿಯದು. ದೂರದ ವಿಮಾನ ಹತ್ತುವವರು ಯಾರೇ ಬರಲಿ, ಒಂದು ಗಂಟೆ ಅಲ್ಲಿ ಕೂರಿಸದೆ ಅವನು ಟಿಕೆಟ್ ಮಾಡುತ್ತಿರಲಿಲ್ಲ!

ಅಭಿಜ್ಞಾ ಹಟಕ್ಕೆ ಬಿದ್ದು ಎಕಾನಮಿ ಕುರ್ಚಿಯಲ್ಲಿ ಕುಳಿತಳು. ಬಲ ಮೊಣಕಾಲನ್ನು ಮಡಚಿದಳು.

ಒಳಗಿನ ಲೋಹದ ಪಟ್ಟಿ ಎಳೆಯಿತು. ತುಟಿ ಕಚ್ಚಿದಳು. ಮುಖದಲ್ಲಿ ಏನೂ ತೋರಿಸಬಾರದು... ಏನೂ...

ಆದರೆ ಅವನು ನೋಡುತ್ತಿದ್ದ. ಅವನ ಮುಖದ ನಗು ನಿಧಾನವಾಗಿ ಇಳಿಯಿತು.

"ಕಾಲು ಎಂತಾಗಿದ್ದು?" ಎಂದ, ಮನೆಮಾತಿನಲ್ಲಿ. ಎರಡು ವಾಕ್ಯದ ಹಿಂದೆ ಪೇಟೆಯ ಕನ್ನಡ ಆಡುತ್ತಿದ್ದವನ ಬಾಯಿಂದ ಅದು ತಾನಾಗಿ ಜಾರಿತ್ತು. "ಮೊದಲೇ ಹೇಳದಲ್ದಾ? ಹಂಗಾದ್ರೆ ಎನ್ನ ಲೆಕ್ಕ ಪೂರ್ತಿ ತಪ್ಪು. ಮತ್ತೆ ಶುರುವಿಂದ ನೋಡಕ್ಕು."

"ಎಂತೂ ಆಗಿಲ್ಲೆ!" ಅವಳೂ ಮನೆಮಾತಿನಲ್ಲೇ ಸಿಡಿದಳು. ಎದ್ದಳು. ಮೆಟ್ಟಿಲನ್ನು ಒಂದೊಂದಾಗಿ, ಕಟಕಟೆ ಹಿಡಿದು ಇಳಿದಳು. ಅವನು ಮೇಲಿನಿಂದ ನೋಡುತ್ತಿದ್ದಾನೆ ಎಂದು ಬೆನ್ನಿಗೇ ಗೊತ್ತಾಗುತ್ತಿತ್ತು.

---

ಎರಡು ವರ್ಷದ ಹಿಂದೆ, ಅರಬೈಲ್ ಘಟ್ಟದಲ್ಲಿ ವಿದ್ಯಾರ್ಥಿಗಳಿಗಾಗಿ ಗಿಡ ಸಂಗ್ರಹಿಸಿ ಮರಳುವಾಗ ಅವಳ ಸ್ಕೂಟಿ ಜಾರಿತ್ತು. ಆಮೇಲೆ ಪಟ್ಟಿ, ಸ್ಕ್ರೂ, ತಿಂಗಳುಗಟ್ಟಲೆ ಹಾಸಿಗೆ. ಕಾಲು ನಡೆಯುವಂತಾಯಿತು. ಆದರೆ ಹೆಚ್ಚು ಹೊತ್ತು ಮಡಚಿ ಕೂರಲು ಬರಲಿಲ್ಲ.

ಎಕ್ಕಂಬಿ ಕಡೆಯಿಂದ ಅವಳನ್ನು ನೋಡಲು ಬಂದ ಗಂಡಿನವರು ಕೇಸರಿಬಾತ್ ತಿಂದು, ಹೊರಟು ನಿಂತವರು ಅಂಗಳದಲ್ಲಿ ಮಾತಾಡಿಕೊಂಡಿದ್ದರು: "ಕೂಸು ಚಲೋ ಇದ್ದು. ಕಾಲೊಂದು..." 

ಆ ವಾಕ್ಯವನ್ನು ಅವರು ಮುಗಿಸಲಿಲ್ಲ. ಅಭಿಜ್ಞಾ ಅಂದಿನಿಂದ ಅದನ್ನು ದಿನಾ ಮನಸ್ಸಿನಲ್ಲಿ ಮುಗಿಸುತ್ತಿದ್ದಳು.

ಈಗ ಬ್ರೆಜಿಲ್‌ನಿಂದ ಕರೆ ಬಂದಿತ್ತು. ವರ್ಷದ ಬಹುಪಾಲು ನೀರಲ್ಲಿ ನಿಲ್ಲುವ ಮರಗಳ ಬೇರಿನ ಮೇಲೆ ಎರಡು ವರ್ಷದ ಸಂಶೋಧನೆ. ಕರೆದವರು ಎಕಾನಮಿ ಟಿಕೆಟ್ಟಿನ ಹಣ ಮಾತ್ರ ಕೊಡುತ್ತಾರೆ. ಉಳಿದದ್ದು ತನ್ನದು ಎಂದು ಧೈರ್ಯ ಮಾಡಿ ಪ್ರೀಮಿಯಂ ಕೇಳಲು ಹೋದರೆ...

'ನೋಡಿಬಿಟ್ಟನಲ್ಲ!'

ಆದರೂ ಮುಂದಿನ ವಾರ ಅವಳೇ ಮತ್ತೆ ಮೆಟ್ಟಿಲು ಹತ್ತಿದಳು. ಬೇರೆ ಆಫೀಸಿಗೆ ಹೋಗಬಹುದಿತ್ತು. ಯಾಕೆ ಹೋಗಲಿಲ್ಲ ಎಂದು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಕಿಶೋರ ಅವಳ ಕಾಲಿನ ಬಗ್ಗೆ ಒಂದು ಮಾತೂ ಆಡದೆ ಕಾಗದದ ಮೇಲೆ ವಿಮಾನ ಬಿಡಿಸಿದ.

"ಎಕಾನಮಿಯೇ ಆದ್ರೆ, ಎಡಗಡೆ ಸಾಲಿನ ನಡುದಾರಿ ಪಕ್ಕದ ಸೀಟು. ಆಗ ದಾರಿ ನಿನ್ನ ಬಲಗಡೆ ಬತ್ತು, ಬಲಗಾಲು ಆಗಾಗ ಹೊರಗೆ ಚಾಚಲೆ ಆಗ್ತು. ಊಟದ ಗಾಡಿ ಬಂದಾಗ ಒಳಗೆ ಎಳ್ಕಳಕ್ಕು."

"ಬಾಗಿಲ ಹತ್ತಿರ ಜಾಗ ಜಾಸ್ತಿ ಇರ್ತಡ?"

"ಅದು ಕೊಡ್ತ್ವಿಲ್ಲೆ. ಅಪಾಯ ಆದ್ರೆ ಬಾಗಿಲು ತೆಗೆಯೋರು ಓಡಾಡುವಂಗೆ ಇರಕ್ಕು. ಎದುರಿಗೆ ಗೋಡೆ ಇರೋ ಸೀಟೂ ಬ್ಯಾಡ, ಕಾಲು ಗೋಡೆಗೆ ತಾಗ್ತು." ಪೆನ್ನು ತಿರುಗಿಸಿದ. "ದುಬೈವರೆಗೆ ನಾಲ್ಕೇ ಗಂಟೆ, ಹ್ಯಾಂಗೋ ಆಗ್ತು. ಅಲ್ಲಿಂದ ಮುಂದಿನದೇ ಕಷ್ಟ. ಒಂದು ಹಗಲು ಪೂರ್ತಿ ಕೂತಂಗೆ."

"ಹಂಗಾದ್ರೆ ಪ್ರೀಮಿಯಂ ಬೇಕೋ ಬ್ಯಾಡದೋ? ಒಂದೇ ಮಾತು ಹೇಳು."

"ಗೊತ್ತಿಲ್ಲೆ," ಎಂದ ಅವನು, ಪ್ರಾಮಾಣಿಕವಾಗಿ. "ನೀನೇ ಕೂತು ನೋಡಕ್ಕು."

ಹಾಗೆ ಶುರುವಾಯಿತು ಅದು. 

ಕಾಲೇಜು ಬಿಟ್ಟ ಮೇಲೆ ಅವಳು ಬಂದು ಒಂದು ದಿನ ಆ ಕುರ್ಚಿಯಲ್ಲಿ, ಒಂದು ದಿನ ಈ ಕುರ್ಚಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂರುವಳು. ಅವನು ತನ್ನ ಕೆಲಸ ಮಾಡುತ್ತ ಮಧ್ಯೆ ಕೇಳುವನು, "ಈಗ ಹ್ಯಾಂಗಿದ್ದು?" 

"ಈಗ ಅಡ್ಡಿಲ್ಲೆ." 

"ಈಗ?"

"ಈಗ ನಿನ್ನ ಪ್ರಶ್ನೆಯೇ ನೋವು!"

ಒಮ್ಮೆ ಬನವಾಸಿ ಕಡೆಯ ದ್ಯಾಮಪ್ಪ ಎಂಬ ರೈತರು ಮಗಳ ಬಾಣಂತನಕ್ಕೆ ಹೆಂಡತಿಯ ಜೊತೆ ಲಂಡನ್ನಿಗೆ ಹೊರಟಿದ್ದವರು ಪ್ರೀಮಿಯಂ ಕುರ್ಚಿಯಲ್ಲಿ ಕೂತು ಗೊರಕೆ ಹೊಡೆದೇಬಿಟ್ಟರು. ಎಬ್ಬಿಸಿದರೆ, "ನಮ್ಮಾಕಿನ್ನ ವಿಮಾನದಾಗ ಕಳಸ್ರಿ. ನಾ ಇಲ್ಲೇ ಮಕ್ಕೊಂತೀನಿ, ಚಾ ಒಂದ್ ಕೊಡಸ್ರಿ!" ಎಂದರು. ಅಭಿಜ್ಞಾ ಬಾಯಿಗೆ ಸೆರಗು ಒತ್ತಿ ನಕ್ಕಳು. ಅಪಘಾತದ ನಂತರ ಅಷ್ಟು ನಕ್ಕಿದ್ದು ಅದೇ ಮೊದಲು. ತಲೆ ಎತ್ತಿದರೆ ಕಿಶೋರ ದ್ಯಾಮಪ್ಪನವರನ್ನಲ್ಲ, ಅವಳನ್ನು ನೋಡುತ್ತಿದ್ದ.

ಇಬ್ಬರಿಗೂ ಗೊತ್ತಿತ್ತು, ಆ ನಿರ್ಧಾರಕ್ಕೆ ಇಷ್ಟು ದಿನ ಬೇಕಾಗಿರಲಿಲ್ಲ. ಆದರೆ ಅದಾದ ದಿನ ಅವಳಿಗೆ ಆ ಮೆಟ್ಟಿಲು ಹತ್ತಲು ಕಾರಣವೇ ಉಳಿಯುವುದಿಲ್ಲ. ಆಮೇಲೆ ಟಿಕೆಟ್. ಆಮೇಲೆ ವಿಮಾನ. ಆಮೇಲೆ ನಡುವೆ ಒಂದಿಡೀ ಸಮುದ್ರ...

'ಹೋಗುವವಳಿಗೆ ಇದೆಲ್ಲ ಯಾಕೆ ಬೇಕು?' ಎಂದು ಬಸ್ಸಿನ ಕಿಟಕಿಗೆ ತಲೆ ಆನಿಸಿ ಅವಳು ಕೇಳಿಕೊಳ್ಳುವಳು. ಮರುದಿನ ಮತ್ತೆ ಹೋಗುವಳು.

---

ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಸಂಜೆ ಆಫೀಸಿನ ಬಾಗಿಲು ಮುಚ್ಚಿತ್ತು. ಕೆಳಗಿನ ಬಟ್ಟೆ ಅಂಗಡಿಯವರು ಹೇಳಿದರು: ಸಿದ್ದಾಪುರದಲ್ಲಿ ಅವನ ತಾಯಿಗೆ ಮಂಗನ ಕಾಯಿಲೆ, ಇಲ್ಲೇ ಆಸ್ಪತ್ರೆಗೆ ಸೇರಿಸಿದ್ದಾರೆ.

ಅವಳು ನೇರ ಆಸ್ಪತ್ರೆಗೆ ಹೋದಳು. ಕಿಶೋರ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. ಅವಳನ್ನು ನೋಡಿ ಏಳಲು ಹೋದ. ಆಗಲಿಲ್ಲ.

"ಅಭಿ, ಎಂತ ಮಾಡವು ಹೇಳೇ ತಿಳೀತಿಲ್ಲೆ," ಎಂದ. ಅಷ್ಟೇ. ಎಲ್ಲದಕ್ಕೂ ಲೆಕ್ಕ ಇಟ್ಟುಕೊಂಡಿದ್ದ ಮನುಷ್ಯ ಬರಿಗೈಯಲ್ಲಿ ಕುಳಿತಿದ್ದ.

ಅವಳು ರಜೆ ಹಾಕಿದಳು. ಹಗಲು ಅವನ ತಾಯಿ ಸೀತಾ ಅವರ ಪಕ್ಕ ಕೂರುವುದು, ಗಂಜಿ ಬಸಿದು ತರುವುದು, ಜ್ವರ ಏರಿದಾಗ ಹಣೆಯ ಬಟ್ಟೆ ಬದಲಿಸುವುದು. ಜ್ವರ ಬಿಟ್ಟು ಕಣ್ಣು ತೆರೆದಾಗ ಸೀತಮ್ಮ ಕೇಳಿದ ಮೊದಲ ಮಾತು, "ನೀನು ಯಾರ ಮನೆ ಕೂಸೇ?"

"ಉಮ್ಮಚಗಿಯವು."

"ಗಂಜಿಗೆ ಉಪ್ಪು ಕಡಿಮೆ ಆಜು ನೋಡು," ಎಂದು ಸೀತಮ್ಮ ಮತ್ತೆ ಕಣ್ಣು ಮುಚ್ಚಿದರು. ಕಿಶೋರ ಹೊರಗೆ ಓಡಿಹೋಗಿ ಗೋಡೆಗೆ ಮುಖ ಮಾಡಿ ನಿಂತ. ಅವನು ಅಳುತ್ತಿದ್ದುದು ಅವಳಿಗೆ ಕಾಣುತ್ತಿತ್ತು.

ಸೀತಮ್ಮ ಮನೆಗೆ ಮರಳಿದ ಮೇಲೆ ಅಭಿಜ್ಞಾ ಒಂದು ತೀರ್ಮಾನಕ್ಕೆ ಬಂದಳು.

"ಎಕಾನಮಿ ಮಾಡು," ಎಂದಳು.

"ಕಾಲು?"

"ತಡ್ಕತ್ತೆ. ಈ ಕಾಲಿನ ನೆಪಕ್ಕೆ ಬೇರೆ ನಮೂನೆ ಸೀಟು ಕೊಟ್ರೆ, ಕಡೆಗೆ ಎಲ್ಲಾ ಕಡೆಗೂ ಅದೇ ಅಭ್ಯಾಸ ಆಗೋಗ್ತು."

ಅವನು ಕಂಪ್ಯೂಟರಿನತ್ತ ತಿರುಗಿದ. ಕೀಲಿಮಣೆಯ ಮೇಲೆ ಬೆರಳು ಆಡಿಸಿದ.

---

ಆ ರಾತ್ರಿ ಫೋನಿಗೆ ಬಂದ ಟಿಕೆಟ್ಟನ್ನು ಅವಳು ನೋಡಿದ್ದು ಮರುದಿನ ಬೆಳಿಗ್ಗೆ. ಬೆಂಗಳೂರು–ದುಬೈ: ಎಕಾನಮಿ. ದುಬೈ–ಸಾವೊ ಪಾಲೊ...

ಪ್ರೀಮಿಯಂ ಎಕಾನಮಿ!

ಅವಳು ಮೆಟ್ಟಿಲು ಹತ್ತಿದ ವೇಗಕ್ಕೆ ಮೊಣಕಾಲು ಉರಿಯುತ್ತಿತ್ತು.

"ಇದೆಂತದು? ವ್ಯತ್ಯಾಸದ ಹಣ ಯಾರು ಕಟ್ಟಿದ್ದು?"

"ಆನು."

"ಎಂತಕ್ಕೆ?"

ಅವನು ಕನ್ನಡಕ ತೆಗೆದು ಒರೆಸಿದ. 'ಹೇಳು... ಈಗಲಾದರೂ ಹೇಳು... ಹೇಳಿಬಿಡು!'

"ಆಯಿಗೆ ನೀನು ಅಷ್ಟೆಲ್ಲ ಮಾಡಿದ್ದೆ," ಎಂದ ಅವನು, ಕನ್ನಡಕದ ಗಾಜನ್ನೇ ನೋಡುತ್ತ. "ಮುಯ್ಯಿ ಹೇಳಿ ತಿಳ್ಕ."

ಮುಯ್ಯಿ!

ಆ ಕಡೆಯ ಹಳ್ಳಿಗಳಲ್ಲಿ ಹುಟ್ಟಿದವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಯ ಕೆಲಸಕ್ಕೆ ನೀವು ಬಂದರೆ, ನಿಮ್ಮ ಮನೆಯ ಕೆಲಸಕ್ಕೆ ನಾವು ಬರುತ್ತೇವೆ. ತಿರುಗಿಸಿದ ಮೇಲೆ ಆ ಮನೆಗೂ ಈ ಮನೆಗೂ ಬಾಕಿ ಇಲ್ಲ.

ಬಾಕಿ ಇಲ್ಲ.

'ಹೋಗುವ ಮೊದಲು ನನ್ನ ಋಣ ಹರಿದುಕೊಂಡ. ಗಂಜಿಗೆ, ಹಣೆಯ ಬಟ್ಟೆಗೆ ಬೆಲೆ ಕಟ್ಟಿ ಕೈ ತೊಳೆದುಕೊಂಡ... ಜೊತೆಗೆ ನನ್ನ ಕಾಲಿನ ಮೇಲೆ ಒಂದಿಷ್ಟು ಕನಿಕರ.'

"ಆತು," ಎಂದಳು. ತನ್ನ ಧ್ವನಿ ಇಷ್ಟು ತಣ್ಣಗಿರಬಲ್ಲದು ಎಂದು ಅವಳಿಗೆ ಗೊತ್ತಿರಲಿಲ್ಲ. "ಅದನ್ನು ರದ್ದು ಮಾಡಿ ಎಕಾನಮಿಗೆ ಬದಲಿಸು. ಮುಯ್ಯಿ ಬ್ಯಾಡ ಎಂಗೆ."

"ಅಭಿ..."

"ಬದಲಿಸು ಹೇಳಿದ್ದಿಲ್ಯಾ!"

ಅವನು ಎದ್ದು ನಿಂತ. ಬಾಗಿಲವರೆಗೆ ಬಂದ. ಅದರ ಮುಂದಕ್ಕೆ ಅವನಿಂದ ಆಗಲಿಲ್ಲ. ಅವಳು ಇಳಿಯುತ್ತಲೇ ಇದ್ದಳು.

---

ಆಮೇಲಿನ ದಿನಗಳು ತಮ್ಮ ಪಾಡಿಗೆ ನಡೆದವು. ವೀಸಾ ಬಂತು. ಸೂಟ್‌ಕೇಸು ಬಂತು. ಅಮ್ಮ ಮಾವಿನ ಮಿಡಿ ಉಪ್ಪಿನಕಾಯಿಗೆ ಮೂರು ಸುತ್ತು ಪ್ಲಾಸ್ಟಿಕ್ ಕಟ್ಟಿದಳು. ಎಲ್ಲರೂ ಶುಭಾಶಯ ಹೇಳುತ್ತಿದ್ದರು. ಅಭಿಜ್ಞಾ ಎಲ್ಲರಿಗೂ ನಗುತ್ತಿದ್ದಳು.

ಫೋನ್ ಕೈಗೆತ್ತಿಕೊಳ್ಳುವಳು, ಕೆಳಗಿಡುವಳು. ಹೇಳುವುದಾದರೂ ಏನು? ಇರು ಎನ್ನಲು ಅವನಿಗೆ ಹಕ್ಕಿಲ್ಲ. ಹೋಗುವುದಿಲ್ಲ ಎನ್ನಲು ತನಗೆ ಮನಸ್ಸಿಲ್ಲ. ಹಾಸಿಗೆಯಲ್ಲಿ ಬಿದ್ದಿದ್ದ ತಿಂಗಳುಗಳಲ್ಲಿ ಆ ಮರಗಳ ಕನಸೇ ಅವಳನ್ನು ಉಳಿಸಿತ್ತು. ಅದನ್ನು ಬಿಟ್ಟರೆ ತಾನು ಏನಾಗಿ ಉಳಿದೇನು? ಅವನನ್ನು ಬಿಟ್ಟರೆ...?

ಯಾವ ಕಡೆ ತಿರುಗಿದರೂ ಗೋಡೆ.

ಹೊರಡುವ ಮುಂಚೆ ಹಿರಿಯರ ಮನೆಗಳಿಗೆ ಹೋಗಿ ಹೇಳಿ ಬರುವುದು ಪದ್ಧತಿ. ಸೀತಮ್ಮನಿಗೆ ಹೇಳದೆ ಹೋಗಲು ಅವಳ ಮನಸ್ಸು ಒಪ್ಪಲಿಲ್ಲ. ಒಂದು ಭಾನುವಾರ ಸಿದ್ದಾಪುರದ ಬಸ್ ಹತ್ತಿದಳು. ಅದೃಷ್ಟಕ್ಕೆ ಕಿಶೋರ ಸಾಮಾನು ತರಲು ಹೊರಗೆ ಹೋಗಿದ್ದ.

ಸೀತಮ್ಮ ಚೇತರಿಸಿಕೊಂಡಿದ್ದರು. ಅವಳ ಕೈಗೆ ಮಜ್ಜಿಗೆ ಲೋಟ ಕೊಟ್ಟು ಎದುರಿಗೆ ಕೂತರು.

"ಎಂತದೇ ಕೂಸೇ, ನೀನೂ ಸಪ್ಪೆ, ಅಂವನೂ ಸಪ್ಪೆ. ಊಟ ಮಾಡ್ತ್ನಿಲ್ಲೆ, ಮಾತಾಡ್ತ್ನಿಲ್ಲೆ. ಜ್ವರ ಬಂದದ್ದು ಎಂಗೋ, ಅವಂಗೋ?"

ಅಭಿಜ್ಞಾ ತಡೆಯಬೇಕೆಂದುಕೊಂಡಳು. ಆಗಲಿಲ್ಲ. ಸೀಟಿನ ವಿಷಯ, ಮುಯ್ಯಿಯ ವಿಷಯ ಎಲ್ಲ ಹೊರಬಂತು.

ಸೀತಮ್ಮ ಕೇಳಿ ಮುಗಿಸಿ ಹಣೆ ಚಚ್ಚಿಕೊಂಡರು.

"ಮುಯ್ಯಿ ಹೇಳಿದ್ನಾ? ಆ ಮಳ್ಳು! ಅಂವ ಹೇಳಿದ್ದ, ನೀನೂ ನಂಬಿದ್ದೆ? ಅಷ್ಟು ಓದಿದ್ದೆ, ಮಕ್ಕೊಗೆ ಪಾಠ ಮಾಡ್ತೆ!"

"ಮತ್ತೆಂತದು?"

"ಅಲ್ದೇ, ದುಡ್ಡು ಕೊಟ್ಟು ಮುಯ್ಯಿ ತೀರ್ಸದು ಯಾವ ಊರಲ್ಲಿದ್ದು? ನಿನ್ನ ಊರಲ್ಲಿದ್ದಾ? ಆಳಿಗೆ ಆಳು ಬರಕ್ಕು, ಗಂಜಿಗೆ ಗಂಜಿ ಆಗಕ್ಕು. ದುಡ್ಡು ಕೊಟ್ರೆ ಅದು ಕೂಲಿ. ಕೂಲಿ ಕೊಡೋ ಧೈರ್ಯ ಅಂವಂಗೆ ಇದ್ದಾ? ಮುಯ್ಯಿಯೇ ಆಗಿದ್ರೆ ನಿನ್ನ ಆಯಿಗೆ ಹುಷಾರಿಲ್ದಾಗ ಬಂದು ಗಂಜಿ ಬೇಯಿಸ್ತಿದ್ದ."

ಅಭಿಜ್ಞಾ ಲೋಟ ಹಿಡಿದೇ ಕೂತಳು.

ಹೌದು. ಇದು ಅವಳಿಗೆ ಎಳವೆಯಿಂದ ಗೊತ್ತಿದ್ದ ವಿಷಯ. ಒಂದು ಕ್ಷಣ ನಿಂತು ಯೋಚಿಸಿದ್ದರೆ ಸಾಕಿತ್ತು. ನೋವಿನಲ್ಲಿ ಒಂದು ಪದ ಕಿವಿಗೆ ಬಿದ್ದದ್ದೇ ಸತ್ಯವೆಂದು ಹಿಡಿದುಬಿಟ್ಟಳು. ವಿದ್ಯಾರ್ಥಿಗಳು ಹೀಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದಳು!

ಅದು ಮುಯ್ಯಿ ಅಲ್ಲವಾದರೆ, ಅದು...

ಅವಳಿಗೆ ಅಲ್ಲಿ ಕೂರಲಾಗಲಿಲ್ಲ. ಸೀತಮ್ಮನ ಕಾಲಿಗೆ ನಮಸ್ಕರಿಸಿ ಕಣ್ಣೊರೆಸಿಕೊಳ್ಳುತ್ತ ಹೊರಟೇಬಿಟ್ಟಳು.

---

ಸಿದ್ದಾಪುರ ಬಸ್ ಸ್ಟ್ಯಾಂಡಿನಲ್ಲಿ ಶಿರಸಿ ಬಸ್ಸು ನಿಂತಿತ್ತು. ಅವಳು ಮೆಟ್ಟಿಲ ಮೇಲೆ ಕಾಲಿಡಬೇಕು, ಅಷ್ಟರಲ್ಲಿ ಹಿಂದಿನಿಂದ ಬೈಕು ಕಿರುಚಿ ನಿಂತಿತು.

"ಅಭಿ!"

ಕಿಶೋರ. ಹೆಲ್ಮೆಟ್ ಇಲ್ಲ, ಕನ್ನಡಕ ಓರೆ. ಹ್ಯಾಂಡಲಿಗೆ ತರಕಾರಿ ಚೀಲ ಇನ್ನೂ ನೇತಾಡುತ್ತಿತ್ತು.

"ಆಯಿ ಹೇಳ್ತು... ನೀನು ಅಳ್ತಾ ಹೋದೆ ಹೇಳಿ..." ಅವನು ಏದುತ್ತಿದ್ದ.

"ಎಂತಕ್ಕೆ ಸುಳ್ಳು ಹೇಳಿದೆ?" ಅವಳು ಬಸ್ಸಿನ ಬಾಗಿಲಿನಿಂದ ಹಿಂದೆ ಸರಿದಳು. "ಮುಯ್ಯಿ ಹೇಳಿ ಎಂತಕ್ಕೆ ಹೇಳಿದೆ?"

"ಶಿರಸಿ, ಶಿರಸಿ, ಶಿರಸಿ!" ಕಂಡಕ್ಟರ್ ಕೂಗುತ್ತಿದ್ದ. "ಹತ್ತಿ ಅಕ್ಕಾ!"

"ಹೇಳು ಕಿಶೋರ."

ಅವನು ಬೈಕಿನಿಂದ ಇಳಿದ. ಸುತ್ತ ಸಂತೆಯ ಚೀಲಗಳು, ಹೆಂಗಸರು, ಬಾಳೆಹಣ್ಣಿನವನ ತಳ್ಳುಗಾಡಿ. ಮಾತಾಡಲು ಇದಕ್ಕಿಂತ ಕೆಟ್ಟ ಜಾಗ ಇರಲಾರದು.

"ನಿಜ ಹೇಳಿದ್ರೆ ನೀನು ಎಲ್ಲಿ ಹೋಪದು ಬಿಟ್ಟುಬಿಡ್ತ್ಯ ಹೇಳಿ ಹೆದರಿಕೆ ಆತು," ಎಂದ. "ಎನ್ನಿಂದಾಗಿ ನೀನು ಉಳಿದ್ರೆ, ನಾಳೆ ದಿನಾ ಆ ಮರಗಳ ನೆನಪು ಮಾಡ್ಕ್ಯಂಡು ಎನ್ನ ಮುಖ ನೋಡಕ್ಕು ನೀನು. ಅದು ಬ್ಯಾಡ. ಮತ್ತೆ... ನಿಜ ಕೇಳಿಯೂ ನೀನು ನಕ್ಕು ಹೊರಟುಹೋದ್ರೆ? ಅದನ್ನೂ ತಡ್ಕಳಲೆ ಆಗ್ತಿತ್ತಿಲ್ಲೆ."

"ಹಂಗಾದ್ರೆ ಕನಿಕರ ಅಲ್ದಾ? ಈ ಕಾಲು ನೋಡಿ..."

"ಕನಿಕರ ಇದ್ದಿದ್ರೆ ಮೊದಲ ದಿನವೇ ಸುಮ್ಮಂಗೆ ಪ್ರೀಮಿಯಂ ಮಾರಿ ಕಳಿಸ್ತಿದ್ದೆ! ಇಷ್ಟು ದಿನ ಆ ಕುರ್ಚಿಲ್ಲಿ ಕೂರಿಸ್ಕ್ಯಂಡು, ಈಗ ಹ್ಯಾಂಗಿದ್ದು, ಈಗ ಹ್ಯಾಂಗಿದ್ದು ಹೇಳಿ ಕೇಳ್ತಿದ್ನಾ?" ಅವನು ಒಂದು ಹೆಜ್ಜೆ ಹತ್ತಿರ ಬಂದ. "ಆ ಸೀಟು ದುಡ್ಡಿಗೆ ಲಾಯಕ್ಕಾ ಹೇಳಿ ಇವತ್ತಿಗೂ ಗೊತ್ತಿಲ್ಲೆ. ಲೆಕ್ಕ ಹಾಕಿದ್ರೆ ಅರ್ಧ ಗೇಣು, ಅಷ್ಟೇ. ಆದ್ರೆ ಅಷ್ಟು ದೂರ ಒಬ್ಬಳೇ ಹೋಗ್ತೆ ನೀನು. ಆನು ಬಪ್ಪಲೆ ಆಗ್ತಿಲ್ಲೆ. ನೋವು ಕಡಿಮೆ ಮಾಡಲೆ ಆಗ್ತಿಲ್ಲೆ. ಅರ್ಧ ಗೇಣು ಜಾಗ ಕೊಡಲೆ ಮಾತ್ರ ಆಗ್ತಿತ್ತು..."

ಅವನು ನೆಲ ನೋಡಿದ.

"ಹೋಗಡ ಹೇಳಿ ಹೇಳಲೆ ಎನ್ನಿಂದ ಆಗ್ತಿಲ್ಲೆ ಅಭಿ. ಹೋಗು ಹೇಳಲೂ ಆಗ್ತಿಲ್ಲೆ."

"ಅಕ್ಕಾ, ಬರ್ತ್ರೋ ಇಲ್ವೋ?" ಕಂಡಕ್ಟರ್ ಸೀಟಿ ಊದಿದ.

"ಇಲ್ಲ!" ಎಂದು ಅಭಿಜ್ಞಾ ತಿರುಗಿಯೂ ನೋಡದೆ ಕೂಗಿದಳು. 

ಬಸ್ಸು ಹೊಗೆ ಬಿಟ್ಟು ಹೊರಟಿತು. ಕಿಟಕಿಯಿಂದ ಮೂರು ತಲೆಗಳು ಹಿಂದಕ್ಕೆ ತಿರುಗಿ ನೋಡುತ್ತಲೇ ಹೋದವು.

ಇಬ್ಬರೂ ಸಿಮೆಂಟಿನ ಕಟ್ಟೆಯ ಮೇಲೆ ಕುಳಿತರು. ಅವಳು ಯಾರಿಗೂ ಮರೆಮಾಡದೆ ಬಲಗಾಲನ್ನು ಮುಂದಕ್ಕೆ ಚಾಚಿದಳು. ನೋಡುವವರು ನೋಡಲಿ.

"ಆನು ಹೋಗ್ತೆ," ಎಂದಳು ಮೆಲ್ಲಗೆ. "ಹೋಗ್ಲೇಬೇಕು. ಇಲ್ದೇ ಇದ್ರೆ ಎಂಗೆ ಎನ್ನ ಮೇಲೇ ಬೇಜಾರ ಬತ್ತು."

"ಗೊತ್ತಿದ್ದು."

"ಎರಡು ವರ್ಷ."

"ಅದೂ ಗೊತ್ತಿದ್ದು."

"ಅಷ್ಟು ಹೊತ್ತಿಗೆ ನಿಂಗೆ ಮನೆಯವು ಯಾರನ್ನಾದ್ರೂ ನೋಡಿದ್ರೆ?"

"ಆಯಿ ಈಗಾಗ್ಲೇ ನೋಡಿ ಆಜು. ಗಂಜಿಗೆ ಉಪ್ಪು ಕಡಿಮೆ ಹಾಕ್ತು ಹೇಳದೊಂದು ಬಿಟ್ರೆ ತೊಂದ್ರೆ ಇಲ್ಲೆ ಹೇಳ್ತು."

ಅಳುವಿನ ನಡುವೆಯೇ ಅವಳಿಗೆ ನಗು ಉಕ್ಕಿತು. ಆದರೆ ನಗು ಮುಗಿದ ಮೇಲೆ ಅದೇ ವಿಮಾನ, ಅದೇ ದೂರ. ಯಾವುದೂ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅವಳು ಅವನ ಕೈ ಹಿಡಿದಳು. ಅವನ ಬೆರಳುಗಳು ತಣ್ಣಗಿದ್ದವು.

"ಆ ಟಿಕೆಟ್ ಬದಲಿಸಿದೆಯಾ?" ಎಂದು ಕೇಳಿದಳು.

"ಇಲ್ಲೆ. ದಿನಾ ತೆಗೆದು ನೋಡ್ತೆ. ಆ ಗುಂಡಿ ಒತ್ತಲೆ ಆಗ್ತಿಲ್ಲೆ."

"ಒತ್ತದು ಬ್ಯಾಡ. ಅದ್ರಲ್ಲೇ ಹೋಗ್ತೆ." ಅವಳು ಅವನ ಕನ್ನಡಕ ನೆಟ್ಟಗೆ ಮಾಡಿದಳು. "ಆದ್ರೆ ಒಂದು. ಇದನ್ನು ಆನು ಎಂದಿಗೂ ತೀರಿಸ್ತ್ನಿಲ್ಲೆ. ಬಾಕಿ ಇಟ್ಕಂಡೇ ಹೋಗ್ತೆ, ಬಾಕಿ ಇಟ್ಕಂಡೇ ವಾಪಸ್ ಬತ್ತೆ. ಅಡ್ಡಿಲ್ಯಾ?"

ಕಿಶೋರ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದ. 

"ಅಡ್ಡಿಲ್ಲೆ," ಎಂದ. "ಅಲ್ಲಿ ಇಳಿದ ಕೂಡ್ಲೆ ಫೋನ್ ಮಾಡ್ತ್ಯ?"

"ಇಲ್ಲಿ ಆಗ ಎಷ್ಟು ಹೊತ್ತಾಗಿರ್ತೋ ಎಂತೋ. ನಿದ್ದೆಲಿ ಇರ್ತೆ ನೀನು."

"ಇರ್ತ್ನಿಲ್ಲೆ," ಎಂದ ಅವನು.